ನಿಮ್ಮ ಮೂಲ ಯಾವುದು?

ಉತ್ತರ ಕನ್ನಡ ಜಿಲ್ಲೆಯಲ್ಲಿ ಇಬ್ಬರು ಅಪರಿಚಿತರು ಬಸ್ಸಿನಲ್ಲಿ ಅಕ್ಕಪಕ್ಕ ಕುಳಿತರೆಂದರೆ ಮಾತು ಮಳೆಯಿಂದಲೋ ಅಡಿಕೆಯ ಧಾರಣೆಯಿಂದಲೋ ಮೊದಲಾಗಿ, ಮೂರನೆಯ ನಿಲ್ದಾಣ ಬರುವುದರೊಳಗಾಗಿ "ತಮ್ಮದು ಯಾವೂರಾಯಿತು?" ಎಂಬಲ್ಲಿಗೆ ಬಂದು ಮುಟ್ಟುತ್ತದೆ. ಊರಿನ ಹೆಸರು ಹೇಳಿದ ಮಾತ್ರಕ್ಕೆ ಬಿಡುಗಡೆಯಾಯಿತೆಂದು ತಿಳಿಯಬಾರದು. "ಅದು ಸರಿ, ಮೂಲ?" ಎಂಬ ಇನ್ನೊಂದು ಪ್ರಶ್ನೆ ಹಿಂದೆಯೇ ಕಾದು ಕುಳಿತಿರುತ್ತದೆ. ಮೊದಲನೆಯದು ನೀವು ಎಲ್ಲಿ ಉಣ್ಣುತ್ತೀರಿ, ಎಲ್ಲಿ ಮಲಗುತ್ತೀರಿ ಎಂಬುದನ್ನು ಕೇಳುತ್ತದೆ. ಎರಡನೆಯದು ನಿಮ್ಮ ಮುತ್ತಜ್ಜನ ಮುತ್ತಜ್ಜ ಯಾವ ದಿಕ್ಕಿನಿಂದ ಗಂಟು ಹೊತ್ತು ಬಂದ ಎಂಬುದನ್ನು. ಸ್ವಾರಸ್ಯದ ಸಂಗತಿಯೆಂದರೆ, ಈ ಎರಡನೆಯ ಪ್ರಶ್ನೆಗೆ "ಇದೇ ಊರು, ನಾವು ಎಲ್ಲಿಂದಲೂ ಬಂದವರಲ್ಲ" ಎಂದು ಉತ್ತರ ಕೊಟ್ಟವರನ್ನು ನಾನು ಬಹಳ ವಿರಳವಾಗಿ ಕಂಡಿದ್ದೇನೆ. ಹವ್ಯಕ ಮಿತ್ರರು ಬನವಾಸಿಯ ಮಯೂರವರ್ಮ ತಮ್ಮ ಹಿರಿಯರನ್ನು ಅಹಿಚ್ಛತ್ರದಿಂದ ಕರೆತಂದನೆಂಬ ಐತಿಹ್ಯವನ್ನು ಹೇಳುತ್ತಾರೆ. ಕೊಂಕಣಿಗರು ಗೋವೆಯತ್ತ ಬೆರಳು ಮಾಡುತ್ತಾರೆ. ಪರಸ್ಥಳದಿಂದ ಬಂದುದೇ ಒಂದು ಹೆಗ್ಗಳಿಕೆ; ಬಂದು ಬಹುಕಾಲವಾಗಿರಬೇಕು, ಅಷ್ಟೇ. ವಲಸೆ ಹಳೆಯದಾದರೆ ಅದು ವಂಶಾವಳಿಯಾಗುತ್ತದೆ, ಹೊಸದಾದರೆ ಪೊಲೀಸು ಠಾಣೆಯ ದಾಖಲೆಯಾಗುತ್ತದೆ.

ನನ್ನ ಮನೆತನದ ಉತ್ತರವೂ ಸಿದ್ಧವಾಗಿಯೇ ಇದೆ. ಮೂಲ ಕುಶಸ್ಥಳಿ, ಕುಲದೇವರು ಮಂಗೇಶ. ಕುಶಸ್ಥಳಿಯೆಂದರೆ ಗೋವೆಯಲ್ಲಿ ಜುವಾರಿ ನದಿಯ ದಂಡೆಯ ಮೇಲಿರುವ ಇಂದಿನ ಕುಠ್ಠಾಳಿ. ನಮ್ಮವರಾರೂ ಅಲ್ಲಿ ಒಲೆ ಹೊತ್ತಿಸಿ ನಾಲ್ಕೂವರೆ ಶತಮಾನಗಳ ಮೇಲಾಯಿತು. ಆದರೂ ಮನೆಯಲ್ಲಿ ಮದುವೆಯಾದರೆ ಮೊದಲನೆಯ ಲಗ್ನಪತ್ರಿಕೆ ಹೋಗುವುದು ಮಂಗೇಶನಿಗೆ. ನನ್ನ ತಂದೆ ಅದರ ಮೇಲೆ ವಿಳಾಸವನ್ನು ದುಂಡಾದ ಅಕ್ಷರಗಳಲ್ಲಿ ಬರೆದು, ಅಂಚೆಯ ಚೀಟಿಯನ್ನು ಓರೆಯಾಗದಂತೆ ಹಚ್ಚುತ್ತಿದ್ದರು. ದೇವರಿಗೆ ಹೋಗುವ ಕಾಗದ ಟಪಾಲಿನಲ್ಲಿ ಎಲ್ಲಿಯೂ ತಪ್ಪಿಹೋಗಬಾರದೆಂದು ಅವರ ಎಣಿಕೆ.

ಆ ದೇವರು ತಾನೇ ಒಬ್ಬ ನಿರಾಶ್ರಿತ ಎಂಬುದನ್ನು ಇಲ್ಲಿ ಹೇಳಬೇಕು. 1510ರಲ್ಲಿ ಅಲ್ಬುಕರ್ಕನು ಗೋವೆಯ ದ್ವೀಪವನ್ನು ಗೆದ್ದನು. 1543ರಲ್ಲಿ ಬಾರ್ದೇಶ ಮತ್ತು ಸಾಷ್ಟಿ ಪ್ರಾಂತಗಳು ಪೋರ್ತುಗೀಜರ ಕೈಗೆ ಬಂದವು. ಕುಶಸ್ಥಳಿ ಇದ್ದುದು ಸಾಷ್ಟಿಯಲ್ಲಿ. ದೇವಾಲಯಗಳನ್ನು ಕೆಡಹುವ ಕೆಲಸ ಒಂದೊಂದೇ ಪ್ರಾಂತಕ್ಕೆ ಹಬ್ಬಿತು. 1560ರಲ್ಲಿ ಧರ್ಮವಿಚಾರಣೆಯ ಪೀಠ ಗೋವೆಯಲ್ಲಿ ಸ್ಥಾಪನೆಯಾಯಿತು. ಅದೇ ವರ್ಷ ಮಂಗೇಶನ ಲಿಂಗವನ್ನು ಭಕ್ತರು ನದಿ ದಾಟಿಸಿ, ಆಗ ವಿಜಾಪುರದ ಆದಿಲಶಾಹಿಗೆ ಸೇರಿದ್ದ ಫೋಂಡಾ ಸೀಮೆಯ ಪ್ರಿಯೋಳದಲ್ಲಿ ಇರಿಸಿದರು. ಕೇಳೋಶಿಯ ಶಾಂತಾದುರ್ಗೆಯೂ ಹೀಗೆಯೇ ಕವಳೆಗೆ ಬಂದಳು. ಹಿಂದೂ ದೇವರಿಗೆ ಮುಸಲ್ಮಾನ ಸುಲ್ತಾನನ ನೆಲದಲ್ಲಿ ಆಶ್ರಯ ಸಿಕ್ಕಿತು ಎಂಬ ಮಾತನ್ನು ಇಂದು ಯಾರಾದರೂ ನೆನೆಯುವುದುಂಟೋ ಇಲ್ಲವೋ. ದೇವರಂತೂ ಅಂದು ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ದೇವರು ನದಿ ದಾಟಿ ನಿಂತುಕೊಂಡ. ಒಕ್ಕಲು ಮಾತ್ರ ನಿಲ್ಲದೆ ಕರಾವಳಿಗುಂಟ ಕಾರವಾರ, ಅಂಕೋಲೆಗಳ ಕಡೆಗೆ ಇಳಿಯಿತು. ಅದರ ಒಂದು ಟಿಸಿಲು ಮುಂದೆ ಯಾವಾಗಲೋ ಘಟ್ಟ ಹತ್ತಿ ಹಳಿಯಾಳ ಮುಂಡಗೋಡಗಳ ನಡುವೆ ಅಕ್ಕಿಯ ವ್ಯಾಪಾರಕ್ಕೆ ನಿಂತಿತು. ಅದು ನಾವು.

ಘಟ್ಟ ಹತ್ತಿ ಬಂದವರನ್ನು ಯಾರೂ ಕಾಗದ ಕೇಳಲಿಲ್ಲ. ಅಂದಿನ ಅರಸರಿಗೆ ಕಾಡು ಬೇಕಾದಷ್ಟಿತ್ತು, ಕಡಿದು ಉಳುವ ಕೈಗಳು, ಸರಕು ಸಾಗಿಸುವ ಬೆನ್ನುಗಳು ಸಾಲದಾಗಿದ್ದವು. ಬಂದವನು ಕಂದಾಯ ಕೊಟ್ಟರೆ ಅವನು ಪ್ರಜೆ. ಪ್ರಸಂಗವಶಾತ್ ಇನ್ನೊಂದು ಮಾತು. ಈ ಘಟ್ಟದ ಮೇಲಿನ ಸೀಮೆಯನ್ನು ಆಳಿದ ಸೋಂದೆಯ ಅರಸರ ಮನೆತನವೇ 1763ರ ಸುಮಾರಿಗೆ ಹೈದರಾಲಿಯ ಸೈನ್ಯಕ್ಕೆ ಹೆದರಿ ಗೋವೆಗೆ ಓಡಿಹೋಗಿ ಪೋರ್ತುಗೀಜರ ಮರೆಹೊಕ್ಕಿತು. ಫೋಂಡಾ ಸೀಮೆ ಪೋರ್ತುಗೀಜರ ವಶವಾದದ್ದೂ ಆಗಲೇ. ಗೋವೆಯ ಪ್ರಜೆ ಸೋಂದೆಯ ಸೀಮೆಯಲ್ಲಿ ನಿರಾಶ್ರಿತ, ಸೋಂದೆಯ ಅರಸ ಗೋವೆಯಲ್ಲಿ ನಿರಾಶ್ರಿತ. ಮಂಗೇಶನಾದರೋ ಯಾರಿಂದ ತಪ್ಪಿಸಿಕೊಂಡು ಬಂದಿದ್ದನೋ ಅವರ ಕೈಗೇ ಇನ್ನೂರು ವರ್ಷಗಳ ಮೇಲೆ ಮರಳಿ ಸಿಕ್ಕಿದ. ಅಷ್ಟರಲ್ಲಿ ಅವರ ಹಠವೂ ತಗ್ಗಿತ್ತು; ಗುಡಿಗೆ ಏನೂ ಆಗಲಿಲ್ಲ.

ಮುಂದಿನ ಕಥೆ ಕಾಗದದ್ದು. ಉತ್ತರ ಕನ್ನಡವನ್ನು 1862ರಲ್ಲಿ ಮದರಾಸಿನಿಂದ ಬಿಡಿಸಿ ಮುಂಬಯಿ ಇಲಾಖೆಗೆ ಸೇರಿಸಿದರು. 1956ರ ನವೆಂಬರ್ 1ರಂದು ಅದು ಮೈಸೂರು ರಾಜ್ಯಕ್ಕೆ ಬಂತು. 1973ರಲ್ಲಿ ಮೈಸೂರು ಕರ್ನಾಟಕವಾಯಿತು. ನನ್ನ ಅಜ್ಜ ಒಂದೇ ಜಗುಲಿಯ ಮೇಲೆ ಕುಳಿತು ಬ್ರಿಟಿಷ್ ಪ್ರಜೆಯಾಗಿದ್ದು ಭಾರತದ ನಾಗರಿಕರಾದರು, ಮುಂಬಯಿಯವರಾಗಿದ್ದು ಮೈಸೂರಿನವರಾದರು. ಜಗುಲಿ ಕದಲಲಿಲ್ಲ. ಸಂವಿಧಾನ ಆರಂಭವಾದ 1950ರ ಜನವರಿ 26ರಂದು ಈ ನೆಲದಲ್ಲಿ ನೆಲೆಯಿದ್ದು ಇಲ್ಲಿ ಹುಟ್ಟಿದವನು, ಇಲ್ಲವೆ ತಂದೆತಾಯಿಗಳಲ್ಲಿ ಒಬ್ಬರಾದರೂ ಇಲ್ಲಿ ಹುಟ್ಟಿದವನು, ಇಲ್ಲವೆ ಐದು ವರ್ಷಗಳಿಗೆ ಕಡಿಮೆಯಿಲ್ಲದಂತೆ ಇಲ್ಲಿ ವಾಸ ಮಾಡಿದವನು ನಾಗರಿಕನೆಂದು ಅದರ 5ನೆಯ ವಿಧಿ ಹೇಳಿತು. ಮೂಲ ಯಾವುದೆಂದು ಕೇಳಲಿಲ್ಲ. ಕೇಳಿದ್ದರೆ ಅಜ್ಜ ಕುಶಸ್ಥಳಿ ಎನ್ನುತ್ತಿದ್ದರು. ಅಂದು ಕುಶಸ್ಥಳಿ ಇನ್ನೂ ಪೋರ್ತುಗೀಜರ ಊರು!

ಈ ಹಳೆಯ ಸಂಗತಿಗಳನ್ನೆಲ್ಲ ನನಗೆ ಮತ್ತೆ ತಿರುವಿ ನೋಡುವಂತೆ ಮಾಡಿದ್ದು ಅತ್ತಿವೇರಿ. ಹುಬ್ಬಳ್ಳಿಯಿಂದ 40 ಚಿಲ್ಲರೆ ಕಿಲೋಮೀಟರು ದೂರದಲ್ಲಿ, ಮುಂಡಗೋಡ ತಾಲ್ಲೂಕಿನಲ್ಲಿ, ಬಯಲುಸೀಮೆ ಮುಗಿದು ಮಲೆನಾಡು ಇನ್ನೂ ಮೊದಲಾಗದ ಮಗ್ಗುಲಲ್ಲಿ ಇರುವ ಊರು ಅದು. ಅಲ್ಲಿಯ ಜಲಾಶಯ ಈಗ ಪಕ್ಷಿಧಾಮ. 2019ರ ಡಿಸೆಂಬರಿನಲ್ಲಿ ಪಕ್ಷಿಗಳ ಹುಚ್ಚಿನ ಮಿತ್ರರೊಬ್ಬರು ನನ್ನನ್ನು ಅಲ್ಲಿಗೆ ಎಳೆದುಕೊಂಡು ಹೋದರು. ಅವರ ಪುಸ್ತಕದಲ್ಲಿ ಹಕ್ಕಿಗಳನ್ನು ಸ್ಥಾಯಿ, ವಲಸೆ ಎಂದು ವಿಂಗಡಿಸಿದ್ದಾರೆ. "ಎಷ್ಟು ವರ್ಷ ಇಲ್ಲಿಗೆ ಬಂದರೆ ಒಂದು ಹಕ್ಕಿ ಸ್ಥಾಯಿ ಎನ್ನಿಸಿಕೊಳ್ಳುತ್ತದೆ?" ಎಂದು ಕೇಳಿದೆ. "ವರ್ಷದ ಲೆಕ್ಕವಲ್ಲ, ಇಲ್ಲಿ ಗೂಡು ಕಟ್ಟಿ ಮರಿ ಮಾಡುತ್ತದೆಯೋ ಇಲ್ಲವೋ, ಅದಷ್ಟೇ ಲೆಕ್ಕ" ಎಂದು ಅವರು ದುರ್ಬೀನಿನಿಂದ ಕಣ್ಣು ತೆಗೆಯದೆಯೇ ಹೇಳಿದರು. ಅವರು ಚಮಚದ ಕೊಕ್ಕಿನ ಹಕ್ಕಿಗಳನ್ನು ಎಣಿಸುತ್ತಿದ್ದ ಎರಡು ದಿನ ನನಗೆ ಬೇರೆ ಕೆಲಸವಿರಲಿಲ್ಲ. ಸುತ್ತಮುತ್ತಲಿನ ಊರುಗಳಲ್ಲಿ ಅಡ್ಡಾಡಿ, ನಮ್ಮ ಜಿಲ್ಲೆಯ ಚಾಳಿಯಂತೆ ಎದುರಿಗೆ ಸಿಕ್ಕವರನ್ನು ಮೂಲ ಕೇಳುತ್ತ ಹೋದೆ.

ಮೊದಲು ಸಿಕ್ಕವನು ಎಮ್ಮೆಗಳನ್ನು ಅಟ್ಟಿಕೊಂಡು ಹೊರಟಿದ್ದ ಒಬ್ಬ ಗೌಳಿ ಮುದುಕ. ಗೌಳಿಗಳು ಮುಂಡಗೋಡ, ಹಳಿಯಾಳ, ಯಲ್ಲಾಪುರದ ಕಾಡಂಚುಗಳಲ್ಲಿ ತಮ್ಮ ವಾಡಗಳನ್ನು ಕಟ್ಟಿಕೊಂಡು ಇರುವವರು. ಮನೆಮಾತು ಮರಾಠಿಯ ಒಂದು ಬಗೆ. ಸಹ್ಯಾದ್ರಿಯ ಏಣಿನ ಮೇಲೆ ಹುಲ್ಲನ್ನು ಹುಡುಕುತ್ತ ಪಶ್ಚಿಮ ಮಹಾರಾಷ್ಟ್ರದ ಕಡೆಯಿಂದ ತಲೆಮಾರುಗಳ ಹಿಂದೆ ಇಳಿದುಬಂದರು. "ಸಾತಾರಾದ ಕಡೆ ಅಂತಾರೆ. ನಾ ನೋಡಿಲ್ಲ. ಎಮ್ಮೆ ನಿಂತಲ್ಲಿ ನಮ್ಮ ಊರು" ಎಂದನಾತ. ಈ ಮಾತು ಕೇಳುವುದಕ್ಕೆ ಚೆನ್ನ. ಆದರೆ ಕಾಯ್ದೆಗೆ ಇದು ಸಾಲದು. ಅರಣ್ಯ ಹಕ್ಕುಗಳ 2006ರ ಕಾಯ್ದೆ ಬಂದಾಗ ಈ ಗೌಳಿಗಳು ಪರಿಶಿಷ್ಟ ಪಂಗಡದ ಪಟ್ಟಿಯಲ್ಲಿ ಇರಲಿಲ್ಲ. ಹಾಗಿಲ್ಲದವರು 2005ರ ಡಿಸೆಂಬರ್ 13ಕ್ಕೆ ಮೊದಲು ಮೂರು ತಲೆಮಾರು, ಎಂದರೆ 75 ವರ್ಷ, ಕಾಡನ್ನು ನಂಬಿ ಅಲ್ಲಿಯೇ ವಾಸವಾಗಿದ್ದುದಕ್ಕೆ ಪುರಾವೆ ಕೊಡಬೇಕು. ಎಮ್ಮೆಯ ಹಿಂದೆ ಅಲೆದವನು 1930ನೆಯ ಇಸವಿಯ ರಸೀದಿಯನ್ನು ಎಲ್ಲಿಂದ ತಂದಾನು? ನಾಗರಿಕನಾಗುವುದಕ್ಕೆ ಅವನ ಮೂಲ ಯಾರಿಗೂ ಬೇಕಾಗಲಿಲ್ಲ. ತಾನು ನಿಂತ ಗೇಣು ನೆಲ ತನ್ನದಾಗುವುದಕ್ಕೆ ಬೇಕಾಯಿತು.

ಸಿದ್ದಿಗಳ ಸಂಗತಿ ಇದಕ್ಕಿಂತ ಗಹನವಾದುದು. ಪೋರ್ತುಗೀಜರು ಮೊಸಾಂಬಿಕ್ ಮೊದಲಾದ ಪೂರ್ವ ಆಫ್ರಿಕದ ರೇವುಗಳಿಂದ ಗುಲಾಮರನ್ನು ಹಡಗಿನಲ್ಲಿ ತುಂಬಿ ಗೋವೆಗೆ ತಂದರು. ಹಾಗೆ ಬಂದವರಲ್ಲಿ ಓಡಿಬಂದವರೂ ಮಾರಾಟವಾಗಿ ಬಂದವರೂ ಬಿಡುಗಡೆ ಹೊಂದಿ ಬಂದವರೂ ಈ ಕಾಡುಗಳಲ್ಲಿ ನೆಲೆಸಿದರು. ಬ್ರಿಟಿಷ್ ಇಂಡಿಯಾದಲ್ಲಿ ಗುಲಾಮಗಿರಿಯ ಕಾನೂನುಬದ್ಧ ಮನ್ನಣೆ 1843ರಲ್ಲಿ ಹೋಯಿತು. ಪೋರ್ತುಗಲ್ಲಿನ ಸಾಮ್ರಾಜ್ಯದಲ್ಲಿ ಅದರ ರದ್ದತಿಯ ಆಜ್ಞೆ ಹೊರಟಿದ್ದು 1869ರಲ್ಲಿ. ಸಿದ್ದಿ ಎಂಬ ಹೆಸರು ಒಡೆಯ ಎಂಬ ಅರ್ಥದ ಅರಬ್ಬೀ ಶಬ್ದದಿಂದ ಬಂದಿತೆಂದು ಪಂಡಿತರು ಹೇಳುತ್ತಾರೆ. ಚರಿತ್ರೆಗೂ ಇಂಥ ಕ್ರೂರ ವಿನೋದಗಳುಂಟು. ಇಂದು ಅವರಲ್ಲಿ ಹಿಂದೂಗಳಿದ್ದಾರೆ, ಕ್ರೈಸ್ತರಿದ್ದಾರೆ, ಮುಸಲ್ಮಾನರಿದ್ದಾರೆ. ಮೂರು ಮತದವರೂ ತಮ್ಮ ಹೆಸರಿನ ಕೊನೆಗೆ ಸಿದ್ದಿ ಎಂದು ಬರೆಯುತ್ತಾರೆ, ಮೂರು ಮತದವರೂ ಹಿರಿಯರನ್ನು ಪೂಜಿಸುತ್ತಾರೆ. ಹಿರಿಯರ ಹೆಸರು ಗೊತ್ತಿಲ್ಲ, ಊರು ಗೊತ್ತಿಲ್ಲ, ಆಡುತ್ತಿದ್ದ ಭಾಷೆ ಗೊತ್ತಿಲ್ಲ; ಪೂಜೆ ಮಾತ್ರ ನಡೆದುಬಂದಿದೆ. ಹಬ್ಬದ ದಿನ ಡಮಾಮ ಬಾರಿಸಿ ಡಮಾಮಿ ಕುಣಿಯುತ್ತಾರೆ.

ಒಬ್ಬ ಸಿದ್ದಿ ಹೆಂಗಸು ಅಂಗಳದಲ್ಲಿ ಹಳೆಯ ಸೀರೆಗಳ ತುಂಡುಗಳನ್ನು ಜೋಡಿಸಿ ಕೌದಿ ಹೊಲಿಯುತ್ತಿದ್ದಳು. ಮೂಲ ಕೇಳಿದೆ. ಪಕ್ಕದ ಹಳ್ಳಿಯೊಂದರ ಹೆಸರು ಹೇಳಿದಳು. ಅದು ಅವಳ ತವರು. ಅದಕ್ಕೂ ಹಿಂದೆ? "ಅದಕ್ಕೂ ಹಿಂದೆ ಏನಿದೆ? ಆಫ್ರಿಕಾ ಅಂತ ಸಾಲಿ ಕಲಿತವರು ಹೇಳ್ತಾರೆ" ಎಂದಳು. ಶಾಲೆ ಕಲಿತವರು ಹೇಳುವುದು ನಿಜವೇ. ಹೈದರಾಬಾದಿನ ಜೀವಕೋಶ ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಸಿದ್ದಿಗಳ ರಕ್ತವನ್ನು ಪರೀಕ್ಷಿಸಿ, ಆಫ್ರಿಕದ ಬಾಂಟು ಜನರ ಸಂಬಂಧವನ್ನೂ ಜೊತೆಗೆ ಇಲ್ಲಿಯ ಜನರ ಮಿಶ್ರಣವನ್ನೂ ಗುರುತಿಸಿ 2011ರಲ್ಲಿ ಪ್ರಕಟಿಸಿದರು. ಅಜ್ಜಿ ಹೇಳಬೇಕಾಗಿದ್ದ ಕಥೆಯನ್ನು ಪ್ರಯೋಗಶಾಲೆ ಹೇಳಬೇಕಾಗಿ ಬಂತು.

ನಮ್ಮ ಮನೆಯಲ್ಲಿ ಅಜ್ಜನ ಕಾಲದ ಕೀರ್ದಿಯ ಪುಸ್ತಕಗಳು ಕೆಲವು ಉಳಿದಿವೆ. ಭತ್ತ ಕೊಟ್ಟವರು, ಸಾಲ ಒಯ್ದವರು, ಗಾಡಿ ಹೊಡೆದವರು, ಎಲ್ಲರ ಹೆಸರಿನ ಮುಂದೂ ಊರಿನ ಹೆಸರನ್ನು ಕಾಣಿಸಿದೆ. ಅಲ್ಲಲ್ಲಿ "ಸಿದ್ದಿ ಆಳು 2, ಕೂಲಿ ಭತ್ತ" ಎಂದು ಮಾತ್ರ ಇದೆ. ಊರಿಲ್ಲ, ಹೆಸರೂ ಇಲ್ಲ. ಘಟ್ಟದ ಮೇಲಿನ ಜಮೀನುದಾರರ ತೋಟ ಗದ್ದೆಗಳಲ್ಲಿ ಸಿದ್ದಿಗಳು ತಲೆಮಾರುಗಟ್ಟಲೆ ಜೀತ ದುಡಿದದ್ದು ಎಲ್ಲರೂ ಬಲ್ಲ ಸಂಗತಿ. ನಾಲ್ಕೂವರೆ ಶತಮಾನದ ಹಿಂದಿನ ತನ್ನ ಊರನ್ನು ಮರೆಯದ ಮನೆತನ ಅಂಗಳದಲ್ಲಿ ಭತ್ತ ಬಡಿಯುವವನ ಹೆಸರನ್ನು ಬರೆದಿಡಲಿಲ್ಲ. ನೆನಪಿಗೂ ಆಸ್ತಿ ಬೇಕು, ಶಾಯಿ ಬೇಕು, ಬಿಡುವು ಬೇಕು. ಸಿದ್ದಿಗಳನ್ನು 2003ರಲ್ಲಿ ಉತ್ತರ ಕನ್ನಡದಲ್ಲಿ ಪರಿಶಿಷ್ಟ ಪಂಗಡಕ್ಕೆ ಸೇರಿಸಿದರು. 2020ರಲ್ಲಿ ಶಾಂತಾರಾಮ ಸಿದ್ದಿಯವರು ವಿಧಾನ ಪರಿಷತ್ತಿಗೆ ನಾಮಕರಣಗೊಂಡರು. ಆ ಸಭೆಯಲ್ಲಿ ಸಿದ್ದಿಯೊಬ್ಬರು ಕುಳಿತದ್ದು ಅದೇ ಮೊದಲು.

ಇನ್ನು ಟಿಬೆಟಿನವರ ಮಾತು. ಅತ್ತಿವೇರಿಯಿಂದ ಮುಂಡಗೋಡದ ಕಡೆಗೆ ಬಂದರೆ ಗೋವಿನಜೋಳದ ಹೊಲಗಳ ನಡುವೆ ಬಣ್ಣಬಣ್ಣದ ಪ್ರಾರ್ಥನಾ ಪತಾಕೆಗಳು ಕಾಣಿಸತೊಡಗುತ್ತವೆ. 1959ರ ಮಾರ್ಚ್ 17ರ ರಾತ್ರಿ ದಲಾಯಿ ಲಾಮಾ ಲ್ಹಾಸಾವನ್ನು ಬಿಟ್ಟು, ತಿಂಗಳ ಕೊನೆಯ ದಿನ ಭಾರತದ ಗಡಿಯನ್ನು ದಾಟಿದರು. ಅವರ ಬೆನ್ನಿಗೆ ಬಂದವರು ಸುಮಾರು 80,000 ಜನ. ಬಯಲಿನ ಸೆಕೆ, ಕ್ಷಯ, ಹಿಮಾಲಯದ ರಸ್ತೆಗಳ ಕಲ್ಲು ಒಡೆಯುವ ಕೂಲಿ ಅವರನ್ನು ಹಣ್ಣು ಮಾಡಿದವು. ಪ್ರಧಾನಿ ನೆಹರೂ ಅವರ ಕೋರಿಕೆಗೆ ಓಗೊಟ್ಟು ನೆಲ ಕೊಟ್ಟ ರಾಜ್ಯಗಳಲ್ಲಿ ಮೈಸೂರು ಮುಂದಿನದು. ಮೊದಲು ಬೈಲಕುಪ್ಪೆ; ಆಮೇಲೆ 1966ರಲ್ಲಿ, ನಿಜಲಿಂಗಪ್ಪನವರು ಮುಖ್ಯಮಂತ್ರಿಗಳಾಗಿದ್ದಾಗ, ಮುಂಡಗೋಡದ ಕಾಡಿನಲ್ಲಿ ಸುಮಾರು 4,000 ಎಕರೆ. ದೊಯ್‌ಗುಲಿಂಗ್ ಎಂಬುದು ಆ ವಸಾಹತಿನ ಹೆಸರು. ಸುತ್ತಲಿನ ಹಳ್ಳಿಗರಿಗೆ ಮಾತ್ರ ಅದು ಇಂದಿಗೂ "ಕ್ಯಾಂಪು": ಒಂದನೆಯ ಕ್ಯಾಂಪು, ಎರಡನೆಯ ಕ್ಯಾಂಪು. ಐವತ್ತು ವರ್ಷ ಮೀರಿ ನಿಂತ ಊರಿಗೆ ಡೇರೆಯ ಹೆಸರು!

ಅವರ ಸನ್ಯಾಸಿಗಳ ಕಥೆ ಕೇಳುತ್ತಿದ್ದಾಗ ನನಗೆ ಮಂಗೇಶನ ನೆನಪು ಬಂತು. ಲ್ಹಾಸಾದ ಆಸುಪಾಸಿನಲ್ಲಿ 1409ರಲ್ಲಿ ಗಂದೆನ್, 1416ರಲ್ಲಿ ಡ್ರೆಪುಂಗ್ ಮಹಾವಿಹಾರಗಳು ಸ್ಥಾಪನೆಯಾದವು. ಅಲ್ಲಿಂದ ತಪ್ಪಿಸಿಕೊಂಡು ಬಂದ ಭಿಕ್ಷುಗಳನ್ನು ಬಂಗಾಲದ ಬಕ್ಸಾ ಕೋಟೆಯಲ್ಲಿ ಇರಿಸಿದರು. ಬ್ರಿಟಿಷರು ನಮ್ಮ ಸ್ವಾತಂತ್ರ್ಯ ಯೋಧರನ್ನು ಕೂಡಿಹಾಕುತ್ತಿದ್ದ ಸೆರೆಮನೆ ಅದು. ಅಲ್ಲಿ ಹತ್ತು ವರ್ಷ ಕಳೆದು, ಅನೇಕರನ್ನು ಕ್ಷಯಕ್ಕೆ ಕಳೆದುಕೊಂಡು, 1969ರಿಂದೀಚೆಗೆ ಉಳಿದವರು ದಕ್ಷಿಣಕ್ಕೆ ಬಂದರು. ಗಂದೆನ್ ಮತ್ತು ಡ್ರೆಪುಂಗ್ ಮುಂಡಗೋಡಕ್ಕೆ, ಸೆರಾ ಬೈಲಕುಪ್ಪೆಗೆ. ಕಟ್ಟಡ ತರಲಾಗಲಿಲ್ಲ, ಹೆಸರು ತಂದರು. ಲೋಸೆಲಿಂಗ್, ಗೋಮಾಂಗ್ ಎಂಬ ವಿದ್ಯಾಲಯಗಳ ಹೆಸರನ್ನೂ ಬಿಡದೆ ತಂದರು. ಕುಶಸ್ಥಳಿಯ ಮಂಗೇಶ ಪ್ರಿಯೋಳದಲ್ಲಿ ಮಂಗೇಶನಾಗಿಯೇ ಉಳಿದಂತೆ ಡ್ರೆಪುಂಗ್ ಮುಂಡಗೋಡದಲ್ಲಿ ಡ್ರೆಪುಂಗ್ ಆಗಿಯೇ ಇದೆ.

ವ್ಯತ್ಯಾಸವಿರುವುದು ಕಾಗದದಲ್ಲಿ. ಈ ಜನ ವಿದೇಶಿಯರೆಂದು ನೋಂದಣಿಯಾಗಿ, ನೋಂದಣಿ ಪತ್ರವನ್ನು ಕಾಲಕಾಲಕ್ಕೆ ನವೀಕರಿಸಿಕೊಳ್ಳುತ್ತ ಬಂದವರು. ಪರದೇಶಕ್ಕೆ ಹೋಗಬೇಕಾದರೆ ಪಾಸ್‌ಪೋರ್ಟಿನ ಬದಲು ಒಂದು ಹಳದಿ ಗುರುತಿನ ಪುಸ್ತಕ. ಆದರೆ 1955ರ ಪೌರತ್ವ ಕಾಯ್ದೆಯ 3ನೆಯ ಕಲಮು ಬೇರೆಯೇ ಮಾತನ್ನು ಹೇಳುತ್ತದೆ. 1950ರ ಜನವರಿ 26ರ ದಿನ ಅಥವಾ ಆಮೇಲೆ, 1987ರ ಜುಲೈ 1ಕ್ಕೆ ಮುಂಚೆ, ಭಾರತದಲ್ಲಿ ಹುಟ್ಟಿದವರು ಹುಟ್ಟಿನಿಂದಲೇ ನಾಗರಿಕರು; ತಂದೆತಾಯಿಗಳು ಯಾರೆಂಬ ಪ್ರಶ್ನೆಯಿಲ್ಲ. ಆಮೇಲೆ ಹುಟ್ಟಿದವರಿಗೆ ತಂದೆ ಇಲ್ಲವೆ ತಾಯಿ ನಾಗರಿಕರಾಗಿರಬೇಕು; 2004ರ ಡಿಸೆಂಬರ್ 3ರಿಂದ ಷರತ್ತು ಇನ್ನೂ ಬಿಗಿಯಾಯಿತು. ಈ 1987ರ ಗೆರೆಯನ್ನು ಎಳೆದ ತಿದ್ದುಪಡಿ ಅಸ್ಸಾಮಿನ ಚಳವಳಿ ಮತ್ತು 1985ರ ಒಪ್ಪಂದದ ಬೆನ್ನಿಗೆ ಬಂದದ್ದು. ಬ್ರಹ್ಮಪುತ್ರಾ ದಂಡೆಯ ಜಗಳಕ್ಕಾಗಿ ಎಳೆದ ಗೆರೆ ಮುಂಡಗೋಡದ ಕ್ಯಾಂಪಿನ ಮನೆಗಳ ನಡುಮನೆಯಲ್ಲಿ ಹಾದುಹೋಯಿತು.

ಕಲಮು ಪುಸ್ತಕದಲ್ಲಿತ್ತು, ಕಚೇರಿಗಳು ಅದನ್ನು ಟಿಬೆಟಿನವರಿಗೆ ಅನ್ವಯಿಸುತ್ತಿರಲಿಲ್ಲ. 1986ರಲ್ಲಿ ಕಾಂಗಡಾದಲ್ಲಿ ಹುಟ್ಟಿದ ನಮ್ಗ್ಯಾಲ್ ಡೋಲ್ಕರ್ ಎಂಬುವರು ಪಾಸ್‌ಪೋರ್ಟು ಸಿಗದೆ ದಿಲ್ಲಿಯ ಹೈಕೋರ್ಟಿಗೆ ಹೋದರು. ಗುರುತಿನ ಪತ್ರದಲ್ಲಿ ತನ್ನನ್ನು ಟಿಬೆಟಿನವಳೆಂದು ಬರೆಸಿಕೊಂಡ ಮಾತ್ರಕ್ಕೆ ಹುಟ್ಟಿನಿಂದ ಬಂದ ಪೌರತ್ವ ಹೋಗುವುದಿಲ್ಲವೆಂದು 2010ರ ಡಿಸೆಂಬರ್ 22ರಂದು ತೀರ್ಪಾಯಿತು. ನಮ್ಮ ಕರ್ನಾಟಕದ ಹೈಕೋರ್ಟಿನ ಮುಂದೆ ಬಂದ ಮೊಕದ್ದಮೆ ಇದಕ್ಕಿಂತ ಸ್ವಾರಸ್ಯವಾದುದು. ಅರ್ಜಿದಾರರು ಮುಂಡಗೋಡದ ಡ್ರೆಪುಂಗಿನಲ್ಲಿ ಓದಿದ ಲಿಂಗ್ ರಿಂಪೋಚೆ. ದಲಾಯಿ ಲಾಮಾ ಅವರ ಹಿರಿಯ ಗುರುಗಳಾಗಿದ್ದ ಲಿಂಗ್ ರಿಂಪೋಚೆಯವರು ಟಿಬೆಟಿನಲ್ಲಿ 1903ರಲ್ಲಿ ಹುಟ್ಟಿ 1983ರಲ್ಲಿ ತೀರಿಕೊಂಡರು. ಅವರೇ ಮರಳಿ ಹುಟ್ಟಿ ಬಂದರೆಂದು 1985ರಲ್ಲಿ ಹಿಮಾಚಲದಲ್ಲಿ ಜನಿಸಿದ ಬಾಲಕನನ್ನು ಗುರುತಿಸಿದರು. ವಿಹಾರದ ಲೆಕ್ಕದಲ್ಲಿ ಅವರ ಮೂಲ ಟಿಬೆಟು, ಕಾನೂನಿನ ಲೆಕ್ಕದಲ್ಲಿ ಹಿಮಾಚಲ. ನ್ಯಾಯಾಲಯ ಯಾವ ಜನ್ಮವನ್ನು ಹಿಡಿಯಬೇಕು? 2013ರ ಆಗಸ್ಟಿನಲ್ಲಿ ಅದು 1985ರ ಜನ್ಮವನ್ನೇ ಹಿಡಿದು, ಅವರು ಭಾರತದ ನಾಗರಿಕರೆಂದಿತು. ಹಿಂದಿನ ಜನ್ಮದ ಬಗ್ಗೆ ಕಾಯ್ದೆಗೆ ತಕರಾರಿಲ್ಲ, ಆಸಕ್ತಿಯೂ ಇಲ್ಲ. 2014ರಲ್ಲಿ ಚುನಾವಣಾ ಆಯೋಗವು ಗೆರೆಯ ಈಚೆಗಿನವರ ಹೆಸರುಗಳನ್ನು ಮತದಾರರ ಪಟ್ಟಿಗೆ ಸೇರಿಸಲು ಹೇಳಿತು.

ಇಷ್ಟಕ್ಕೆ ಕಥೆ ಸುಖಾಂತವಾಗಬೇಕಾಗಿತ್ತು, ಆಗಲಿಲ್ಲ. 2016ರ ಸೆಪ್ಟೆಂಬರಿನಲ್ಲಿ ದಿಲ್ಲಿಯ ಹೈಕೋರ್ಟು ಮತ್ತೊಮ್ಮೆ ಅದೇ ಮಾತನ್ನು ಹೇಳಿದ ಮೇಲೆ, 2017ರ ಜೂನ್‌ನಲ್ಲಿ ವಿದೇಶಾಂಗ ಖಾತೆ ಪಾಸ್‌ಪೋರ್ಟಿಗೆ ಷರತ್ತುಗಳನ್ನು ಹೊರಡಿಸಿತು. ಅರ್ಜಿ ಹಾಕುವವರು ನೋಂದಣಿ ಪತ್ರವನ್ನೂ ಗುರುತಿನ ಪುಸ್ತಕವನ್ನೂ ಒಪ್ಪಿಸಬೇಕು, ನಿರಾಶ್ರಿತರ ಸೌಲಭ್ಯಗಳನ್ನು ಬಿಡಬೇಕು, ನಿರಾಶ್ರಿತರ ವಸಾಹತಿನಲ್ಲಿ ವಾಸಿಸಕೂಡದು. ತರ್ಕಕ್ಕೆ ಇದು ಸರಿಯಾಗಿಯೇ ಇದೆ: ನಾಗರಿಕನಾದವನು ನಿರಾಶ್ರಿತನಲ್ಲ. ಆದರೆ ಹುಟ್ಟಿದಂದಿನಿಂದ ನಾಗರಿಕನಾಗಿದ್ದೀಯೆ ಎಂದು ನ್ಯಾಯಾಲಯ ಹೇಳಿದವನಿಗೆ, ಹಾಗಿದ್ದರೆ ಹುಟ್ಟಿದ ಮನೆಯನ್ನು ಬಿಟ್ಟು ಹೊರಡು ಎನ್ನುವುದು ನನಗೆ ಅತಿಯೆನಿಸುತ್ತದೆ. ನಮ್ಮವರು ಘಟ್ಟ ಹತ್ತಿದಾಗ ಮಂಗೇಶನನ್ನು ಮರೆತುಬನ್ನಿ ಎಂದು ಯಾರೂ ಹೇಳಲಿಲ್ಲ.

ನಮ್ಮದೇ ಸರಕಾರ ಇದಕ್ಕಿಂತ ಸರಾಗವಾಗಿ ನಡೆದುಕೊಂಡ ಉದಾಹರಣೆ ಗೋವೆಯದೇ. 1961ರ ಡಿಸೆಂಬರ್ 19ರಂದು ಪೋರ್ತುಗೀಜರು ಶರಣಾದರು. 1962ರ ಪೌರತ್ವದ ಆಜ್ಞೆ, ತಾನಾಗಲಿ, ತಂದೆತಾಯಿಗಳಲ್ಲಿ ಒಬ್ಬರಾಗಲಿ, ಅಜ್ಜ ಅಜ್ಜಿಯರಲ್ಲಿ ಒಬ್ಬರಾಗಲಿ 1961ರ ಡಿಸೆಂಬರ್ 20ಕ್ಕೆ ಮೊದಲು ಆ ನೆಲದಲ್ಲಿ ಹುಟ್ಟಿದವರೆಲ್ಲ ಅಂದಿನಿಂದ ಭಾರತದ ನಾಗರಿಕರೆಂದು ಸಾರಿತು. ಬೇಡವೆನ್ನುವವರು ಒಂದು ತಿಂಗಳೊಳಗೆ ಬರೆದುಕೊಟ್ಟರೆ ಸಾಕು. ಯಾರ ಮನೆಯನ್ನೂ ಬಿಡಿಸಲಿಲ್ಲ. ಈಗ ಅದೇ ಗೋವೆಯಲ್ಲಿ ಇನ್ನೊಂದು ನಾಟಕ ನಡೆದಿದೆ. ಪೋರ್ತುಗೀಜ್ ಆಳಿಕೆಯಲ್ಲಿ ಹುಟ್ಟಿದವರಿಗೂ ಅವರ ಸಂತತಿಗೂ ಪೋರ್ತುಗಲ್ಲಿನ ಕಾನೂನು ಅಲ್ಲಿಯ ಪೌರತ್ವವನ್ನು ಕೇಳುವ ದಾರಿಯನ್ನು ತೆರೆದಿಟ್ಟುದರಿಂದ, ಯುರೋಪಿನ ಕೆಲಸ ಬಯಸುವ ಹುಡುಗರು ಅಜ್ಜನ ಜನನದ ದಾಖಲೆಗಳನ್ನು ಹುಡುಕುತ್ತ ಕಚೇರಿಗಳ ಧೂಳು ಹೊಡೆಯುತ್ತಿದ್ದಾರೆ. ಅಜ್ಜನ ಶ್ರಾದ್ಧದ ತಿಥಿ ಗೊತ್ತಿಲ್ಲದವನಿಗೂ ಅವನು ಹುಟ್ಟಿದ ತಾರೀಕು ಬೇಕಾಗಿದೆ!

ಕ್ಯಾಂಪಿನಲ್ಲಿ ನಾನು ಮಾತಾಡಿಸಿದ ಹಿರಿಯರು ಹುಟ್ಟಿದ್ದು ಟಿಬೆಟಿನ ಲ್ಹೋಕಾ ಪ್ರಾಂತದಲ್ಲಿ, 1948ರಲ್ಲಿ. ಹನ್ನೊಂದನೆಯ ವಯಸ್ಸಿಗೆ ಅಸ್ಸಾಮಿನ ಮಿಸಾಮಾರಿ ಶಿಬಿರ, ಆಮೇಲೆ ಹಿಮಾಚಲದಲ್ಲಿ ರಸ್ತೆಯ ಕೂಲಿ, ಮುಂಡಗೋಡಕ್ಕೆ ಬಂದದ್ದು 1967ರಲ್ಲಿ. ಮರ ಕಡಿದು ಹೊಲ ಮಾಡಿದರು, ಚಳಿಗಾಲದಲ್ಲಿ ಹುಬ್ಬಳ್ಳಿಯಲ್ಲಿ ಸ್ವೆಟರು ಮಾರಿದರು. ಅವರ ಕನ್ನಡ ಅಪ್ಪಟ ಧಾರವಾಡದ್ದು. ಮಗ ಹುಟ್ಟಿದ್ದು 1979ರಲ್ಲಿ, ಮಗಳು 1988ರಲ್ಲಿ. ಸೊಸೆ 1984ರಲ್ಲಿ ಬೈಲಕುಪ್ಪೆಯಲ್ಲಿ ಹುಟ್ಟಿದವಳು. ಮೊಮ್ಮಗನಿಗೆ ಆಗ ಏಳು ವರ್ಷ. ಕಾಯ್ದೆಯನ್ನು ಹಿಡಿದು ನೋಡಿದರೆ ಅಜ್ಜ ಅಜ್ಜಿ ವಿದೇಶಿಯರು, ಮಗ ಸೊಸೆ ಸ್ವದೇಶಿಯರು, ಮಗಳು ವಿದೇಶಿ, ಮೊಮ್ಮಗ ಸ್ವದೇಶಿ. ಆರೂ ಜನ ಒಂದೇ ಕೆಟಲಿನ ಬೆಣ್ಣೆ ಚಹಾ ಕುಡಿಯುತ್ತಾರೆ. ಆ ವಾರ ದಲಾಯಿ ಲಾಮಾ ಮುಂಡಗೋಡಕ್ಕೆ ಬಂದಿದ್ದುದರಿಂದ ಮನೆ ತುಂಬ ನೆಂಟರಿದ್ದರು, ಕೆಟಲು ಒಲೆಯಿಂದ ಇಳಿಯುತ್ತಲೇ ಇರಲಿಲ್ಲ.

ಭಾರತದ ಪಾಸ್‌ಪೋರ್ಟು ತೆಗೆದುಕೊಳ್ಳುವ ವಿಷಯದಲ್ಲಿ ಅವರಲ್ಲಿಯೇ ಎರಡು ಪಕ್ಷಗಳಿವೆ. ನಾಗರಿಕರಾಗಿಬಿಟ್ಟರೆ ತಿರುಗಿ ಹೋಗುವ ಹಕ್ಕನ್ನು ಕೇಳುವವರು ಯಾರು ಎನ್ನುವವರು ಕೆಲವರು. ಕಾಗದ ಕಾಗದವೇ, ಮನಸ್ಸು ಮನಸ್ಸೇ ಎನ್ನುವವರು ಕೆಲವರು. ಹಿರಿಯರು ಎರಡನೆಯ ಪಕ್ಷದವರು. ನಾನು ನಮ್ಮ ಮಂಗೇಶನ ಕಥೆಯನ್ನು ಹೇಳಿದೆ. ಲಗ್ನಪತ್ರಿಕೆಯ ಮಾತು ಅವರಿಗೆ ಬಹಳ ಹಿಡಿಸಿತು. "ದೇವರು ಉತ್ತರ ಬರೀತಾನೇನು?" ಎಂದು ನಕ್ಕರು. ಪ್ರಸಾದದ ಲಕೋಟೆ ಬರುತ್ತದೆ ಎಂದೆ.

ಆಮೇಲೆ ಮಗನನ್ನು ಕರೆದು ಅವನ ಅರ್ಜಿಯ ಹಾಳೆಗಳನ್ನು ತರಿಸಿದರು. ಅಚ್ಚು ಹಾಕಿಸಿ ಇಟ್ಟು ಒಂದೂವರೆ ವರ್ಷವಾಗಿತ್ತಂತೆ. ಹೆಸರು, ಹುಟ್ಟಿದ ತಾರೀಕು, ಹುಟ್ಟಿದ ಸ್ಥಳ ಮುಂಡಗೋಡ, ತಂದೆಯ ಹೆಸರು, ತಾಯಿಯ ಹೆಸರು, ಎಲ್ಲವನ್ನೂ ನೀಲಿ ಶಾಯಿಯಲ್ಲಿ ನೀಟಾಗಿ ತುಂಬಿದ್ದ. ಖಾಯಂ ವಿಳಾಸ ಎಂಬಲ್ಲಿ ಮಾತ್ರ ಖಾಲಿ ಬಿಟ್ಟಿದ್ದ. ಕ್ಯಾಂಪಿನ ಮನೆಯ ನಂಬರು ಬರೆದರೆ ಅರ್ಜಿ ನಿಲ್ಲುವುದಿಲ್ಲ. ಬೇರೆ ಬರೆಯೋಣವೆಂದರೆ ಅವನಿಗೆ ಬೇರೆ ಮನೆಯಿಲ್ಲ. ಹುಬ್ಬಳ್ಳಿಯಲ್ಲಿ ಒಂದು ಬಾಡಿಗೆಯ ಕೋಣೆ ನೋಡಿದ್ದಾನೆ, ಆದರೆ ಈ ವಯಸ್ಸಿನಲ್ಲಿ ತಂದೆತಾಯಿಗಳನ್ನು ಬಿಟ್ಟು ಹೇಗೆ ಹೋಗುವುದೆಂದು ತಿಳಿಯದು ಎಂದ. ಹಿರಿಯರು ಹಾಳೆಗಳನ್ನು ಮಡಿಸಿ, ತಮ್ಮ ನೋಂದಣಿ ಪತ್ರದ ಜೊತೆಗೆ ಅದೇ ಪೆಟ್ಟಿಗೆಯಲ್ಲಿಟ್ಟು ಮುಚ್ಚಿದರು. ನನ್ನ ಬಟ್ಟಲಿಗೆ ಮತ್ತೆ ಚಹಾ ಹೊಯ್ದರು.